ಸಂಬಳವಿಲ್ಲದ ಆಟಗಾರರು

ಇಂಗ್ಲಿಷಿನಲ್ಲಿ 'ಅಮೆಚೂರ್' ಎಂದೊಂದು ಶಬ್ದವುಂಟು. ನಮ್ಮವರು ಅದನ್ನು 'ಹವ್ಯಾಸಿ' ಎಂದು ಕನ್ನಡಿಸಿರುವರು. ನಾಟಕ ಮಂಡಲಿಗಳ ಮೂಲಕ ಆ ಮಾತು ನಮ್ಮ ಮನೆಗಳಲ್ಲಿ ಬಳಕೆಗೆ ಬಂದಿದೆ. ದಿನದ ಮಾತಿನಲ್ಲಿ ಅದಕ್ಕೆ ಕೊಂಚ ತಾತ್ಸಾರದ ಛಾಯೆಯೂ ತಗುಲಿದೆ: ಪಳಗದವನು, ಅರೆಬರೆ ಕಲಿತವನು ಎಂಬ ಭಾವ. ಆದರೆ ಮೂಲವನ್ನು ವಿಚಾರಿಸಿದರೆ ಅದು ಲ್ಯಾಟಿನ್ ಭಾಷೆಯ 'ಅಮಾಟೋರ್' ಎಂಬುದರಿಂದ ಹುಟ್ಟಿದುದು. ಪ್ರೀತಿಸುವವನು ಎಂದು ಅದರ ಅರ್ಥ. ಸಂಸ್ಕೃತದಲ್ಲಿ ಹೇಳುವುದಾದರೆ 'ಅನುರಾಗಿ' ಎನ್ನಬಹುದು. ಈ ಒಂದು ಶಬ್ದವು ಶತಮಾನಕ್ಕೂ ಮೇಲ್ಪಟ್ಟು ಸ್ಕಾಟ್ಲೆಂಡಿನ ಕೆಲವು ಸಣ್ಣ ಊರುಗಳ ಬಾಳಿನಲ್ಲಿ ಮಾಡಿದ ಒಳಿತನ್ನೂ ಕೆಡುಕನ್ನೂ ವಾಚಕರ ಮುಂದಿಡಬೇಕೆಂದಿದ್ದೇನೆ. ಆ ಊರುಗಳನ್ನು ನಾನು ಕಣ್ಣಾರೆ ಕಂಡವನಲ್ಲ, ಓದಿ ತಿಳಿದವನು. ಪಾಠ ಹೇಳಿ ಬದುಕಿದವನಿಗೆ ಶಬ್ದದ ಬೆನ್ನು ಹತ್ತಿ ಹೋಗುವ ಚಾಳಿ ಬಿಡದಷ್ಟೆ.

ಸ್ಕಾಟ್ಲೆಂಡಿನ ದಕ್ಷಿಣದ ಅಂಚಿನಲ್ಲಿ, ಟ್ವೀಡ್ ನದಿ ಮತ್ತು ಅದರ ಉಪನದಿಗಳ ಕಣಿವೆಗಳಲ್ಲಿ ಹಾಯಿಕ್, ಗಾಲಾಷೀಲ್ಸ್, ಮೆಲ್‌ರೋಸ್, ಸೆಲ್‌ಕರ್ಕ್, ಕೆಲ್ಸೋ, ಜೆಡ್‌ಬರೋ ಎಂಬ ಊರುಗಳಿವೆ. ಹಾಯಿಕಿನಲ್ಲಿ ಸುಮಾರು ೧೪,೦೦೦ ಜನ. ಮೆಲ್‌ರೋಸಿನಲ್ಲಿ ೨,೫೦೦ರ ಆಸುಪಾಸು. ಕುರಿ ಸಾಕುವ ಗುಡ್ಡಗಳು, ಉಣ್ಣೆಯ ಗಿರಣಿಗಳು, ಇವೇ ಬಹುಕಾಲ ಅಲ್ಲಿನವರ ಜೀವನಾಧಾರ. ಇವರ ಆಟ ರಗ್ಬಿ. ಪಕ್ಷಕ್ಕೆ ೧೫ ಮಂದಿ. ಚೆಂಡು ಮೊಟ್ಟೆಯ ಆಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು. ಓಡುವವನನ್ನು ಎದುರಾಳಿ ಹಿಡಿದು ಕೆಡವಬಹುದು. ಆದರೆ ಜೊತೆಯವನಿಗೆ ಚೆಂಡನ್ನು ಕೈಯಿಂದ ಎಸೆಯುವಾಗ ಮುಂದಕ್ಕೆ ಎಸೆಯಕೂಡದು. ಮುಂದೆ ಸಾಗಬೇಕೆನ್ನುವವನು ತನ್ನ ಹಿಂದೆ ಬರುವವನನ್ನು ನಂಬಲೇಬೇಕು. ಆಟದ ಸಾರವೆಲ್ಲ ಈ ನಿಯಮದಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ.

೧೮೮೩ರಲ್ಲಿ ಮೆಲ್‌ರೋಸಿನ ಕ್ಲಬ್ಬಿಗೆ ಹಣದ ಮುಗ್ಗಟ್ಟು ಬಂದಿತು. ಅಲ್ಲಿ ನೆಡ್ ಹೇಗ್ ಎಂಬ ಆಟಗಾರನಿದ್ದನು. ವೃತ್ತಿಯಿಂದ ಮಾಂಸದಂಗಡಿಯ ಕೆಲಸಗಾರ. ಒಂದೇ ದಿನದಲ್ಲಿ ಹಲವು ಊರುಗಳ ಪಂದ್ಯವಾಡಿಸಿ ಚೀಟಿ ಮಾರಿದರೆ ಕ್ಲಬ್ಬಿನ ಕೊರತೆ ತುಂಬೀತೆಂದು ಅವನ ಯೋಚನೆ. ಪಕ್ಷಕ್ಕೆ ೧೫ ಮಂದಿಯಾದರೆ ಒಂದು ದಿನ ಸಾಲದು. ಆದಕಾರಣ ಪಕ್ಷಕ್ಕೆ ೭ ಮಂದಿಯನ್ನಿಟ್ಟು ಆಟದ ಹೊತ್ತನ್ನೂ ಮೊಟಕುಗೊಳಿಸಿದರು. ಆ ವರ್ಷದ ಏಪ್ರಿಲ್ ೨೮ರಂದು ಗ್ರೀನ್‌ಯಾರ್ಡ್ಸ್ ಎಂಬ ಬಯಲಿನಲ್ಲಿ ಪಂದ್ಯ ನಡೆಯಿತು. ನೆರೆಯೂರುಗಳ ಜನ ರೈಲಿನಲ್ಲಿ ಬಂದಿಳಿದರು. ಗೆದ್ದವರಿಗೆಂದು ಊರಿನ ಹೆಂಗಸರು ಬಟ್ಟಲೊಂದನ್ನು ಕೊಟ್ಟಿದ್ದರು. ಕೊನೆಯ ಪಂದ್ಯದಲ್ಲಿ ಮೆಲ್‌ರೋಸಿಗೂ ಗಾಲಾಷೀಲ್ಸಿಗೂ ಸಮಸಮವಾಗಲು, ಇನ್ನಷ್ಟು ಹೊತ್ತು ಆಡಿಸಿದರು. ಮೆಲ್‌ರೋಸಿನವರು ಮೊದಲು ಅಂಕ ಗಳಿಸಿದವರೇ ಗೆದ್ದೆವೆಂದು ಬಯಲು ಬಿಟ್ಟು ಹೊರಟರಂತೆ; ಗಾಲಾದವರು ಹೊತ್ತು ಇನ್ನೂ ಮುಗಿದಿಲ್ಲವೆಂದು ತಕರಾರು ಮಾಡಿದರಂತೆ. ಊರೂರುಗಳ ಪಂತವೆಂದರೆ ಎಲ್ಲೆಡೆಯೂ ಹೀಗೆಯೇ ಸರಿ. ಆ ಏಳು ಮಂದಿಯ ಆಟ ಲೋಕವನ್ನೆಲ್ಲ ಸುತ್ತಿ, ೨೦೧೬ರಲ್ಲಿ ರಿಯೋ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ಥಾನ ಪಡೆಯಿತು.

ಇಲ್ಲೊಂದು ಸ್ವಾರಸ್ಯವುಂಟು. ಹಣಕ್ಕಾಗಿ ಆಡಬಾರದೆಂಬ ಆಟದ ಬಹು ಪ್ರಸಿದ್ಧವಾದ ಕವಲು ಹುಟ್ಟಿದುದು ಹಣದ ಕೊರತೆಯಿಂದ. ಆದರೆ ಆ ಹಣ ಯಾರೊಬ್ಬನ ಜೇಬಿಗೂ ಹೋಗಲಿಲ್ಲ, ಊರಿನ ಕ್ಲಬ್ಬಿಗೆ ಹೋಯಿತು. ೧೯೦೧ರಲ್ಲಿ ಈ ಊರುಗಳು ಸೇರಿ ತಮ್ಮದೇ ಒಂದು ಲೀಗನ್ನು ಕಟ್ಟಿಕೊಂಡವು. ರಗ್ಬಿ ಯೂನಿಯನ್ ಆಟದ ಲೀಗುಗಳಲ್ಲಿ ಅದು ಲೋಕಕ್ಕೇ ಹಿರಿಯದೆನ್ನುತ್ತಾರೆ.

ಈ ಊರುಗಳು ನಾಡಿಗೆ ಕೊಟ್ಟವರಲ್ಲಿ ನನಗೆ ಅತ್ಯಂತ ಪ್ರಿಯನಾದವನು ಆಟದಿಂದ ಹೆಸರಾದವನಲ್ಲ, ಮಾತಿನಿಂದ ಹೆಸರಾದವನು. ಹಾಯಿಕಿನ ಬಿಲ್ ಮೆಕ್‌ಲಾರೆನ್ ಹುಟ್ಟಿದುದು ೧೯೨೩ರಲ್ಲಿ. ಸ್ಕಾಟ್ಲೆಂಡಿನ ತಂಡಕ್ಕೆ ಸೇರುವ ಹೊಸ್ತಿಲಲ್ಲಿದ್ದಾಗ ಕ್ಷಯರೋಗ ಹಿಡಿದು ಅವನ ಆಟವೇ ನಿಂತಿತು. ಬದುಕಿ ಉಳಿದವನು ತನ್ನೂರಿನ ಶಾಲೆಗಳಲ್ಲಿ ವ್ಯಾಯಾಮದ ಉಪಾಧ್ಯಾಯನಾದನು; ೧೯೫೩ರಿಂದ ೨೦೦೨ರವರೆಗೆ ಬಿ.ಬಿ.ಸಿ.ಯಲ್ಲಿ ಪಂದ್ಯಗಳ ವಿವರಣೆ ಕೊಟ್ಟನು. ಲೋಕವೆಲ್ಲ ಅವನ ಧ್ವನಿಯನ್ನು ಗುರುತಿಸುವಂತಾದ ಮೇಲೆಯೂ ೧೯೮೭ರವರೆಗೆ ಮಕ್ಕಳಿಗೆ ಪಾಠ ಹೇಳುವುದನ್ನು ಬಿಡಲಿಲ್ಲ. ಅವನ ಕೈಯಲ್ಲಿ ಕಲಿತ ಹುಡುಗರಲ್ಲೊಬ್ಬನು ಟೋನಿ ಸ್ಟ್ಯಾಂಗರ್. ೧೯೯೦ರ ಮಾರ್ಚ್ ೧೭ರಂದು ಎಡಿನ್‌ಬರೋ ನಗರದಲ್ಲಿ ಸ್ಕಾಟ್ಲೆಂಡು ಇಂಗ್ಲೆಂಡನ್ನು ೧೩-೭ರಿಂದ ಸೋಲಿಸಿದಾಗ, ನಿರ್ಣಾಯಕವಾದ ಅಂಕಗಳನ್ನು ತಂದವನು ಈ ಶಿಷ್ಯನೇ. ಅದೇ ತಂಡದಲ್ಲಿ ಜೆಡ್‌ಬರೋವಿನ ಗ್ಯಾರಿ ಆರ್ಮ್‌ಸ್ಟ್ರಾಂಗನೂ ಕೆಲ್ಸೋವಿನ ರೈತ ಜಾನ್ ಜೆಫ್ರಿಯೂ ಇದ್ದರು. ಆಡಿದುದಕ್ಕೆ ಅವರಿಗೆ ಸಂಬಳವಿರಲಿಲ್ಲ.

ಆ ದಿನ ಗೆದ್ದ ಬಟ್ಟಲಿಗೂ ನಮ್ಮ ದೇಶಕ್ಕೂ ನಂಟಿದೆ. ೧೮೭೩ರಲ್ಲಿ ಕಲ್ಕತ್ತೆಯಲ್ಲಿ ನೆಲೆಸಿದ್ದ ಬ್ರಿಟಿಷರು ರಗ್ಬಿ ಕ್ಲಬ್ಬೊಂದನ್ನು ಕಟ್ಟಿದ್ದರು. ನಮ್ಮ ಹವೆಗೆ ಆ ಆಟ ಒಗ್ಗಲಿಲ್ಲ, ಸದಸ್ಯರೂ ಕರಗಿದರು. ೧೮೭೮ರಲ್ಲಿ ಕ್ಲಬ್ಬನ್ನು ಮುಚ್ಚುವಾಗ, ಉಳಿದಿದ್ದ ಹಣವನ್ನು ಹಂಚಿಕೊಳ್ಳದೆ, ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ ಒಂದು ಬಟ್ಟಲನ್ನು ಮಾಡಿಸಿ ಇಂಗ್ಲೆಂಡಿಗೆ ಕಳುಹಿಸಿಕೊಟ್ಟರು. ಅದರ ಹಿಡಿಗಳು ನಾಗರಹಾವುಗಳು. ಮುಚ್ಚಳದ ಮೇಲೆ ಆನೆ. ೧೮೭೯ರಿಂದ ಸ್ಕಾಟ್ಲೆಂಡು-ಇಂಗ್ಲೆಂಡುಗಳ ನಡುವಣ ಪಂದ್ಯ ಈ ಕಲ್ಕತ್ತಾ ಬಟ್ಟಲಿಗಾಗಿ ನಡೆಯುತ್ತಿದೆ.

ಇಷ್ಟು ಒಳಿತು. ಇನ್ನು ಕೆಡುಕಿನ ಮಾತು. ಶನಿವಾರ ಗಿರಣಿ ಬಿಟ್ಟು ಆಡಲು ಹೋದ ಕೆಲಸಗಾರನಿಗೆ ಆ ಹೊತ್ತಿನ ಕೂಲಿ ನಷ್ಟವಾಗುತ್ತಿತ್ತು. ಅದನ್ನು ತುಂಬಿಕೊಡಬೇಕೆಂದು ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಕೇಳಿದವು. ಉಳ್ಳವರ ಕೈಯಲ್ಲಿದ್ದ ಆಡಳಿತ ಒಪ್ಪಲಿಲ್ಲ. ೧೮೯೫ರಲ್ಲಿ ಆಟವೇ ಇಬ್ಭಾಗವಾಯಿತು. ಹಣ ಕೊಡುವ ಪಂಗಡ ಮುಂದೆ 'ರಗ್ಬಿ ಲೀಗ್' ಎನಿಸಿತು. ಸ್ಕಾಟ್ಲೆಂಡಿನ ಹಿರಿಯರಾದರೋ ಹಣದ ವಿಷಯದಲ್ಲಿ ಎಲ್ಲರಿಗಿಂತಲೂ ಕಟ್ಟುನಿಟ್ಟು. ವೇಲ್ಸಿನ ಆಟಗಾರನೊಬ್ಬನಿಗೆ ಅಭಿಮಾನಿಗಳು ಮನೆಯನ್ನು ಉಡುಗೊರೆಯಾಗಿ ಕೊಟ್ಟರೆಂದು, ೧೮೯೭ರಲ್ಲಿ ಆ ದೇಶದೊಡನೆ ಆಡುವುದನ್ನೇ ನಿಲ್ಲಿಸಿದ್ದರು. ಪ್ರೀತಿಯು ವ್ರತವಾಯಿತು, ವ್ರತವು ಮಡಿಯಾಯಿತು, ಹಣವು ಮೈಲಿಗೆಯಾಯಿತು. ಒಮ್ಮೆ ಲೀಗಿನಿಂದ ಹಣ ಮುಟ್ಟಿದವನಿಗೆ ಹುಟ್ಟೂರಿನ ಕ್ಲಬ್ಬಿನಲ್ಲಿ ಮತ್ತೆ ಆಡುವ ಹಕ್ಕಿರಲಿಲ್ಲ. ನಮ್ಮ ಹಿಂದಣ ಕಾಲದ ಬಹಿಷ್ಕಾರವನ್ನು ಬಲ್ಲವರಿಗೆ ಇದರ ಕ್ರೌರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಯಿಕಿನ ಡೇವ್ ವ್ಯಾಲಂಟೈನ್ ೧೯೪೭ರಲ್ಲಿ ಎರಡು ಸಲ ಸ್ಕಾಟ್ಲೆಂಡಿಗಾಗಿ ಆಡಿ, ಅದೇ ವರ್ಷ ಲೀಗಿನ ಹಡರ್ಸ್‌ಫೀಲ್ಡ್ ತಂಡಕ್ಕೆ ಹೋದನು. ೧೯೫೪ರಲ್ಲಿ ಲೀಗಿನ ಮೊದಲ ವಿಶ್ವಕಪ್ಪನ್ನು ಬ್ರಿಟನ್ ಗೆದ್ದಾಗ ಅದರ ನಾಯಕನಾಗಿದ್ದವನು ಅವನೇ. ಅತ್ತ ಅವನನ್ನು ಹೊರಗಿಟ್ಟಿದ್ದ ಸ್ಕಾಟ್ಲೆಂಡಿನ ತಂಡ ೧೯೫೧ರಿಂದ ೧೯೫೫ರವರೆಗೆ ಒಂದರ ಮೇಲೊಂದರಂತೆ ೧೭ ಪಂದ್ಯಗಳನ್ನು ಸೋತಿತು! ಮಡಿ ಉಳಿಯಿತು, ಆಟ ಹೋಯಿತು.

೧೯೯೫ರಲ್ಲಿ ಯೂನಿಯನ್ ಆಟದಲ್ಲಿಯೂ ಹಣಕ್ಕೆ ಬಾಗಿಲು ತೆರೆಯಿತು. ಒಳ್ಳೆಯ ಆಟಗಾರರು ಎಡಿನ್‌ಬರೋ, ಗ್ಲಾಸ್ಗೋ ನಗರಗಳ ವೃತ್ತಿಪರ ತಂಡಗಳಿಗೆ ಹೋದರು. ಗಡಿನಾಡಿಗೂ ಅಂಥದೊಂದು ತಂಡವನ್ನು ಕಟ್ಟಿ, ಖರ್ಚು ತಾಳಲಾರದೆ ೨೦೦೭ರಲ್ಲಿ ಮುಚ್ಚಿದರು. ೨೦೧೯ರಲ್ಲಿ ಅರೆವೃತ್ತಿಯ ಪಂದ್ಯಾವಳಿಯೊಂದು ಹುಟ್ಟಿ, ಮೆಲ್‌ರೋಸನ್ನೂ ಒಳಗೊಂಡು, ೨೦೨೪ರಲ್ಲಿ ಕೊನೆಗೊಂಡಿತು. ಮೇಲಿನಿಂದ ಕಟ್ಟಿದವು ಹೀಗೆ ಬಂದು ಹೋದವು. ಊರಿನ ಕ್ಲಬ್ಬುಗಳು ಮಾತ್ರ ನಿಂತಿವೆ. ಶನಿವಾರ ಬಂದರೆ ಬಯಲಿಗೆ ಗೆರೆ ಹಾಕುವವನೂ, ಬಾಗಿಲಲ್ಲಿ ಚೀಟಿ ಕೊಡುವವನೂ, ಒಳಗೆ ಚಹಾ ಕಾಯಿಸುವವರೂ ಊರಿನವರೇ. ಈಗ ಹೆಣ್ಣುಮಕ್ಕಳ ತಂಡಗಳೂ ಬಂದಿವೆ. ೨೦೨೩ರಲ್ಲಿ ಹಾಯಿಕಿನವರು ತಮ್ಮ ಮ್ಯಾನ್ಸ್‌ಫೀಲ್ಡ್ ಬಯಲಿನಲ್ಲಿಯೇ ಸ್ಕಾಟ್ಲೆಂಡಿನ ಕ್ಲಬ್ಬುಗಳ ಚಾಂಪಿಯನ್ನರಾದರು.

ಹಣ ಬಂದುದರಿಂದ ಅನುರಾಗ ಕೆಟ್ಟಿತೆ? ಕೆಟ್ಟಿದ್ದರೆ ಈ ಕ್ಲಬ್ಬುಗಳು ಎಂದೋ ಮುಚ್ಚಿಹೋಗಬೇಕಾಗಿತ್ತು. ಹಣವನ್ನು ಹಳಿದುದರಿಂದ ಅನುರಾಗ ಬೆಳೆಯಿತೆ? ವ್ಯಾಲಂಟೈನನ ಕಥೆ ಅದಕ್ಕೆ ಉತ್ತರ ಹೇಳುತ್ತದೆ. ತಾನು ಸಂಬಳ ಬೇಡೆನ್ನುವುದು ಉದಾರತೆ. ಹಸಿದವನಿಗೂ ಬೇಡವೆಂದು ವಿಧಿಸುವುದು ಉದಾರತೆಯಲ್ಲ. ನೆಡ್ ಹೇಗನು ಹಣವನ್ನು ಮೈಲಿಗೆಯೆಂದೆಣಿಸಲಿಲ್ಲ. ಅದನ್ನು ಊರಿನದಾಗಿ ಮಾಡಿದನು, ಅಷ್ಟೆ. ನಾಟಕ, ಸಂಗೀತ, ವಾಚನಾಲಯ, ಸಣ್ಣ ಮಾಸಪತ್ರಿಕೆ ಎಂದು ಸಂಬಳವಿಲ್ಲದ ಕೆಲಸಗಳನ್ನು ಹೊತ್ತು ನಡೆಸುವ ನಮ್ಮ ಊರುಗಳವರೂ ಈ ಅಂತರವನ್ನು ನೆನಪಿನಲ್ಲಿಡುವುದು ಒಳ್ಳೆಯದು.