ಕ್ಯುರಸಾವ್‌ನಲ್ಲಿ ಗೆಳತಿಯ ಹಿರಿಯರನ್ನು ಹುಡುಕುತ್ತಾ

ವೆಸ್ಟ್ ಇಂಡೀಸ್ ಕಡೆ ಹೋಗ್ತಿದ್ದೀನಿ ಅಂದಾಗ ಊರಿನಿಂದ ತಮ್ಮ ಫೋನಿನಲ್ಲಿ ಕೇಳಿದ್ದು ಕ್ರಿಕೆಟ್ ವಿಷಯ. ಕ್ಯುರಸಾವ್‌ನಲ್ಲಿ ಕ್ರಿಕೆಟ್ ಅಲ್ಲ, ಬೇಸ್‌ಬಾಲ್. ವೆನೆಜುವೆಲಾ ಕರಾವಳಿಗೆ ಹತ್ತಿರದ, ನೆದರ್ಲೆಂಡ್ಸ್‌ಗೆ ಸೇರಿದ ಪುಟ್ಟ ಒಣ ದ್ವೀಪ ಅದು. ಪಾಪಾಸುಕಳ್ಳಿ, ಗಾಳಿಗೆ ಒಂದೇ ಕಡೆ ಬಾಗಿ ಬೆಳೆದ ದಿವಿ-ದಿವಿ ಮರಗಳು, ಬಣ್ಣಬಣ್ಣದ ಡಚ್ ಮನೆಗಳು. ಜನ ಅಲ್ಲಿಗೆ ಸಮುದ್ರ ನೋಡಲು ಹೋಗುತ್ತಾರೆ. ನಾವಿಬ್ಬರು ಹೋಗಿದ್ದು ಸ್ಮಶಾನ ನೋಡಲು!

ನಾವಿಬ್ಬರು ಅಂದ್ರೆ ನಾನು, ಮತ್ತೆ ನ್ಯೂಜೆರ್ಸಿಯಲ್ಲಿ ನಮ್ಮ ಪಕ್ಕದ ಮನೆಯ ಗೆಳತಿ. ಆಕೆಯ ತಂದೆಯ ಕಡೆಯವರು ಯೆಹೂದಿಗಳು. ಅಮೆರಿಕದ ಬಹುಪಾಲು ಯೆಹೂದಿಗಳ ಹಿರಿಯರು ರಷ್ಯಾ, ಪೋಲೆಂಡ್ ಕಡೆಯಿಂದ ಬಂದವರು. ಇವರ ಮನೆಯಲ್ಲಿ ಮಾತ್ರ ಅಜ್ಜಿಯ ಹಳೇ ನೋಟುಪುಸ್ತಕದಲ್ಲಿ ಬೇರೆಯೇ ದಾರಿ ಇತ್ತು: ಕ್ಯುರಸಾವ್, ಸೇಂಟ್ ಥಾಮಸ್, ನ್ಯೂಯಾರ್ಕ್. ಮೂರೇ ಊರಿನ ಹೆಸರು, ತಾರೀಖಿಲ್ಲ.

ಆ ದಾರಿಯ ಮೂಲ ಇನ್ನೂ ಹಿಂದೆ ಇದೆ. 1492ರಲ್ಲಿ ಸ್ಪೇನ್ ತನ್ನ ಯೆಹೂದಿಗಳನ್ನು ಹೊರಹಾಕಿತು. ಪೋರ್ಚುಗಲ್‌ಗೆ ಓಡಿದವರನ್ನು 1497ರಲ್ಲಿ ಅಲ್ಲಿ ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿದರು. ಹೊರಗೆ ಶಿಲುಬೆ, ಒಳಗೆ ಗುಟ್ಟಾಗಿ ತಮ್ಮ ಪ್ರಾರ್ಥನೆ – ಹೀಗೆ ತಲೆಮಾರುಗಳು ಕಳೆದ ಮೇಲೆ ಕೆಲವರು ಆಮ್‌ಸ್ಟರ್‌ಡಾಮ್ ಸೇರಿ ಮತ್ತೆ ಬಹಿರಂಗವಾಗಿ ಯೆಹೂದಿಗಳಾದರು. ಬ್ರೆಜಿಲ್‌ನ ರೆಸಿಫೆ ಡಚ್ಚರ ಕೈಗೆ ಬಂದಾಗ ಅಲ್ಲಿಗೂ ಹೋದರು. 1654ರಲ್ಲಿ ಪೋರ್ಚುಗೀಸರು ಆ ಊರನ್ನು ವಾಪಸ್ ಹಿಡಿದಾಗ ಮತ್ತೆ ಗಂಟುಮೂಟೆ. ಅದೇ ವರ್ಷ 23 ಮಂದಿ ಈಗಿನ ನ್ಯೂಯಾರ್ಕಿಗೆ ಬಂದಿಳಿದರು. ಕ್ಯುರಸಾವ್‌ಗೆ ಮಾತ್ರ ಅದಕ್ಕೂ ಮೊದಲೇ, 1651ರಲ್ಲೇ, ಮೊದಲ ಯೆಹೂದಿ ಕುಟುಂಬಗಳು ಬಂದು ನೆಲೆಸಿದ್ದವು.

ಈ ಕಥೆ ಕೇಳುವಾಗ ನನಗೆ ಪರಕೀಯ ಅನ್ನಿಸಲೇ ಇಲ್ಲ. ನಮ್ಮದು ಕುಮಟಾದ ಕೊಂಕಣಿ ಮನೆತನ, ಕುಲದೇವರು ಇರೋದು ಗೋವಾದಲ್ಲಿ. ಪೋರ್ಚುಗೀಸರ ಕಾಟಕ್ಕೆ ಊರು ಬಿಟ್ಟವರು ನಾವು ಅಂತ ಅಜ್ಜಿ ಹೇಳ್ತಿದ್ದರು. 1560ರಲ್ಲಿ ಗೋವಾಕ್ಕೆ ಬಂದ ಇನ್‌ಕ್ವಿಸಿಷನ್ ಹಿಂದೂಗಳನ್ನಷ್ಟೇ ಅಲ್ಲ, ಅಲ್ಲಿಗೆ ಬಂದಿದ್ದ ಗುಪ್ತ ಯೆಹೂದಿಗಳನ್ನೂ ಬಿಡಲಿಲ್ಲ. ಔಷಧಿ ಗಿಡಗಳ ಬಗ್ಗೆ ಪುಸ್ತಕ ಬರೆದ ವೈದ್ಯ ಗಾರ್ಸಿಯಾ ಡ ಓರ್ಟಾ ಸತ್ತು ಹನ್ನೆರಡು ವರ್ಷದ ಮೇಲೆ, 1580ರಲ್ಲಿ, ಅವರ ಎಲುಬುಗಳನ್ನು ಅಗೆದು ತೆಗೆದು ಸುಟ್ಟರು. ಇದನ್ನು ಗೆಳತಿಗೆ ಹೇಳಿದಾಗ, "ಹಾಗಾದ್ರೆ ನಾವಿಬ್ಬರೂ ಒಬ್ಬರಿಂದಲೇ ಓಡಿದವರು" ಅಂತ ನಕ್ಕಳು.

ರಾಜಧಾನಿ ವಿಲೆಮ್‌ಸ್ಟಾಡ್‌ನ ಪುಂಡಾ ಭಾಗದಲ್ಲಿ 1732ರ ಪ್ರಾರ್ಥನಾ ಮಂದಿರವಿದೆ. ಸ್ಥಳೀಯರ ಬಾಯಲ್ಲಿ ಅದು 'ಸ್ನೋವಾ'. ಹಳದಿ ಗೋಡೆ, ಹಿತ್ತಾಳೆಯ ದೀಪಗುಚ್ಛಗಳು, ಕೆಂಪು ಮರದ ಬೆಂಚುಗಳು. ನಾಲ್ಕು ಕಂಬಗಳಿಗೆ ಸಾರಾ, ರೆಬೆಕ್ಕಾ, ರಾಚೆಲ್, ಲಿಯಾ ಎಂಬ ನಾಲ್ವರು ಮೂಲಮಾತೆಯರ ಹೆಸರು. ನೆಲಕ್ಕೆ ಮಾತ್ರ ಕಲ್ಲಿಲ್ಲ, ಮರಳು! ಸೀನಾಯ್ ಮರುಭೂಮಿಯ ನೆನಪಿಗೆ ಅಂತ ಕೆಲವರು, ಗುಟ್ಟಾಗಿ ಪ್ರಾರ್ಥಿಸುತ್ತಿದ್ದ ಕಾಲದಲ್ಲಿ ಹೆಜ್ಜೆ ಸದ್ದು ಅಡಗಿಸಲು ಮರಳು ಹರಡುತ್ತಿದ್ದರು ಅಂತ ಇನ್ನು ಕೆಲವರು. ನನಗೆ ಎರಡನೆಯದೇ ಇಷ್ಟವಾಯ್ತು. ಚಪ್ಪಲಿಯೊಳಗೆ ಸೇರಿದ ಮರಳು ಸಂಜೆ ಹೋಟೆಲಿನ ತನಕ ಬಂತು.

ಸ್ಮಶಾನದ ಹೆಸರು ಬೆತ್ ಹಾಯಿಮ್, ಅಂದರೆ 'ಬದುಕಿನ ಮನೆ'. 1659ರಿಂದ ಇದೆ, ಸುಮಾರು 2500 ಗೋರಿಗಳು. ಪಕ್ಕದಲ್ಲೇ ಭಾರೀ ಎಣ್ಣೆ ಶುದ್ಧೀಕರಣ ಘಟಕ. ದಶಕಗಟ್ಟಲೆ ಅದರ ಹೊಗೆ ತಾಗಿ ಕಲ್ಲುಗಳ ಮುಖ ಸವೆದು ಹೋಗಿದೆ. ಒಂದು ಕಲ್ಲಿನಲ್ಲಿ ಕೊಡಲಿ ಹಿಡಿದ ಕೈ ಮರ ಕಡಿಯುತ್ತಿದೆ – ಎಳೆ ವಯಸ್ಸಿನಲ್ಲಿ ಸತ್ತವರ ಗುರುತು. ಇನ್ನೊಂದರಲ್ಲಿ ಆಶೀರ್ವದಿಸುವ ಎರಡು ಕೈ, ಅದು ಪುರೋಹಿತ ವಂಶದವರದು. ಬರಹ ಪೋರ್ಚುಗೀಸ್ ಮತ್ತು ಹೀಬ್ರೂ. ಯಾವ ಭಾಷೆಯವರು ಓಡಿಸಿದರೋ ಅದೇ ಭಾಷೆಯನ್ನು ಗೋರಿಯ ತನಕ ಇಟ್ಟುಕೊಂಡಿದ್ದಾರಲ್ಲ ಅಂತ ಆಶ್ಚರ್ಯ ಪಟ್ಟೆ. ಆಮೇಲೆ ನಮ್ಮ ಕೊಂಕಣಿಯಲ್ಲಿ ಉಳಿದ ಪೋರ್ಚುಗೀಸ್ ಪದಗಳು ನೆನಪಾಗಿ ಸುಮ್ಮನಾದೆ.

ಇಸವಿ ಯೆಹೂದಿ ಲೆಕ್ಕದಲ್ಲಿರುತ್ತೆ. 5511 ಅಂತಿದ್ದರೆ 3760 ಕಳೆಯಬೇಕು, ಹೆಚ್ಚುಕಡಿಮೆ 1751. ನಮ್ಮ ಶಾಸನಗಳ ಶಕವರ್ಷಕ್ಕೆ 78 ಕೂಡಿಸಿದ ಹಾಗೆ. ಲೆಕ್ಕ ಸುಲಭ, ಕಷ್ಟ ಇರೋದು ಹೆಸರಿನಲ್ಲಿ. ಈ ಸೆಫಾರ್ದಿ ಯೆಹೂದಿಗಳು ಹಿರಿಮಗನಿಗೆ ಅಜ್ಜನ ಹೆಸರನ್ನೇ ಇಡುತ್ತಾರೆ, ಅಜ್ಜ ಬದುಕಿದ್ದರೂ ಸರಿ. ನಮ್ಮ ಕಡೆಯೂ ಹಾಗೇ ತಾನೆ? ಪರಿಣಾಮ, ಒಂದು ತಲೆ ಬಿಟ್ಟು ಒಂದು ತಲೆಗೆ ಅದೇ ಹೆಸರು. ಅಣ್ಣತಮ್ಮಂದಿರೆಲ್ಲ ತಮ್ಮ ಮಗನಿಗೆ ಅದೇ ಅಜ್ಜನ ಹೆಸರಿಟ್ಟರೆ ಒಂದೇ ಊರಲ್ಲಿ ಒಂದೇ ಹೆಸರಿನ ನಾಲ್ಕು ಜನ. ಆಗ ಸಹಾಯಕ್ಕೆ ಬರೋದು ಮದುವೆ ಕರಾರು ಪತ್ರ, ಸುನ್ನತಿ ಮಾಡುವವರು ಬರೆದಿಟ್ಟ ಪುಸ್ತಕ. ತಾಯಿಯ, ಹೆಂಡತಿಯ ಹೆಸರಿನಿಂದಲೇ ಗಂಡಸರನ್ನು ಬೇರೆ ಬೇರೆ ಮಾಡಬೇಕು.

ಗೆಳತಿಯ ಹಿರಿಯನ ಕಲ್ಲು ಸಿಕ್ಕಿತು, ಆದರೆ ಅದರ ಮೇಲೆ ಓದಲು ಏನೂ ಉಳಿದಿರಲಿಲ್ಲ. ಪುಣ್ಯಕ್ಕೆ ಇಲ್ಲಿ ರಬ್ಬಿಯಾಗಿದ್ದ ಐಸಾಕ್ ಇಮ್ಮಾನುಯೆಲ್ ಈ ಕಲ್ಲುಗಳ ಬರಹವನ್ನು ಓದಿ 1957ರಲ್ಲಿ ಪುಸ್ತಕ ಮಾಡಿದ್ದಾರೆ. ಅದರ ಒಂದು ಪುಟದ ಪ್ರತಿ ಅವಳ ಕೈಯಲ್ಲಿತ್ತು. ಸವೆದ ಕಲ್ಲಿನ ಪಕ್ಕ ನಿಂತು ಅದನ್ನು ಗಟ್ಟಿಯಾಗಿ ಓದಿದಳು.

ನಿಜ ಹೇಳಬೇಕು ಅಂದ್ರೆ ನಾವು ಬಂದಿದ್ದು ಅದೊಂದಕ್ಕೇ ಅಲ್ಲ. ಡಿಎನ್‌ಎ ಪರೀಕ್ಷೆಯಲ್ಲಿ ಅವಳಿಗೆ ಇದೇ ದ್ವೀಪದ ಒಬ್ಬ ಕಪ್ಪು ಹೆಂಗಸು ದೂರದ ಸಂಬಂಧಿ ಅಂತ ಬಂದಿತ್ತು. ಕ್ಯುರಸಾವ್ ಡಚ್ಚರ ಗುಲಾಮರ ವ್ಯಾಪಾರದ ದೊಡ್ಡ ಕಟ್ಟೆ. ಇಲ್ಲಿಯ ಉಳ್ಳವರು, ಕ್ರೈಸ್ತರೋ ಯೆಹೂದಿಗಳೋ, ಗುಲಾಮರನ್ನು ಇಟ್ಟುಕೊಂಡಿದ್ದರು. ಅದು ನಿಂತಿದ್ದು 1863ರ ಜುಲೈ 1ರಂದು. 1839ರಿಂದ ಅಲ್ಲಿಯವರೆಗಿನ ಗುಲಾಮರ ದಾಖಲೆ ಪುಸ್ತಕಗಳು ಈಗ ಆನ್‌ಲೈನ್‌ನಲ್ಲೇ ಸಿಗುತ್ತವೆ. ಗುಲಾಮರ ಹೆಸರು, ತಾಯಿಯ ಹೆಸರು, ಯಜಮಾನನ ಹೆಸರು. ಮನೆತನದ ಹೆಸರಿಲ್ಲ, ಅಪ್ಪನ ಸುದ್ದಿಯಿಲ್ಲ.

ಸಂಜೆ ತೇಲುವ ಸೇತುವೆ ದಾಟಿ ಆಚೆ ದಡದ ಓತ್ರೊಬಾಂಡಾಕ್ಕೆ ಹೋದೆವು. ಆ ಹೆಂಗಸು ಒಂದು ಸಣ್ಣ ಹೋಟೆಲಿನಲ್ಲಿ ಕಾಯ್ತಿದ್ದರು. ನನಗೆ ಫುಂಚಿ ತರಿಸಿದರು – ಜೋಳದ ಹಿಟ್ಟಿನ ಮುದ್ದೆ ಅಂದುಕೊಳ್ಳಿ, ಸಾರೊಂದು ಇಲ್ಲ. ಆಮೇಲೆ ದಾಖಲೆಯ ಪುಟ ಮೇಜಿನ ಮೇಲಿಟ್ಟರು. ಯಜಮಾನನ ಅಂಕಣದಲ್ಲಿ ನನ್ನ ಗೆಳತಿಯ ಮನೆತನದ ಹೆಸರು.

ಗೆಳತಿ ತುಂಬಾ ಹೊತ್ತು ಮಾತಾಡಲಿಲ್ಲ. "ನನ್ನ ಅಜ್ಜನೇ" ಅಂದಳು ಕೊನೆಗೆ. "ನನಗೂ ಅಜ್ಜನೇ, ಬರೆಯದೆ ಬಿಟ್ಟಿದ್ದಾರೆ ಅಷ್ಟೇ" ಅಂದರು ಅವರು. ಯೆಹೂದಿ ಧರ್ಮದಲ್ಲಿ ಮಗು ತಾಯಿಯ ಕಡೆಗೆ ಸೇರುತ್ತೆ, ಗುಲಾಮಗಿರಿಯ ಕಾನೂನಿನಲ್ಲೂ ತಾಯಿಯ ಕಡೆಗೇ. ಎರಡು ಲೆಕ್ಕದಲ್ಲೂ ಆ ಮಗು ಅಪ್ಪನ ಮನೆಗೆ ಸೇರಲಿಲ್ಲ.

ಅವರು ಕ್ಯಾಥೊಲಿಕ್. ಆ ತಾಯಿಯ ಮಕ್ಕಳೂ ಚರ್ಚಿನಲ್ಲೇ ಜ್ಞಾನಸ್ನಾನ ಪಡೆದವರು. ಗೆಳತಿ ತನ್ನ ವಂಶವೃಕ್ಷದ ಹಾಳೆ ಬಿಚ್ಚಿ ಅಜ್ಜನ ಪಕ್ಕ ಇನ್ನೊಂದು ಗೆರೆ ಎಳೆದು ಆ ತಾಯಿಯ ಹೆಸರು ಬರೆದಳು. ಅವಳ ತಾಯಿಯ ಹೆಸರನ್ನೂ ದಾಖಲೆ ನೋಡಿ ಬರೆದಳು. ಅದರ ಮೇಲಿನ ಚೌಕ ಖಾಲಿ. ಮರುದಿನ ನಾವು ಕಡಲ ತೀರಕ್ಕೆ ಹೋಗುವುದು ಅಂತಿತ್ತು. ಹೋಗಲಿಲ್ಲ, ಮೂವರೂ ಚರ್ಚಿನ ಪುಸ್ತಕಗಳನ್ನು ನೋಡಲು ಕೂತೆವು.