ಉಳವಿಯ ದಾರಿಯಿಂದ ಹಿಮಗಿರಿಯ ಕಣಿವೆಗೆ

ಜೊಯಿಡಾ ಎಂದೊಡನೆ ನಮ್ಮ ಮನೆತನಗಳವರಿಗೆ ಮೊದಲು ನೆನಪಾಗುವುದು ಉಳವಿ. ಕಲ್ಯಾಣದ ಕ್ರಾಂತಿಯ ತರುವಾಯ ಶರಣರ ಸಮೂಹವು ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಈ ದಟ್ಟಡವಿಯನ್ನು ಹೊಕ್ಕಿತೆಂದೂ, ಚನ್ನಬಸವಣ್ಣನವರು ಇಲ್ಲಿಯೇ ಲಿಂಗೈಕ್ಯರಾದರೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ಒಕ್ಕಲು ಮನೆತನಗಳು ಚಕ್ಕಡಿ ಹೂಡಿಕೊಂಡು ಬರುವ ಪದ್ಧತಿ ಇಂದಿಗೂ ಉಳಿದಿದೆ. ಎತ್ತುಗಳ ಆರೈಕೆ, ಗಾಲಿಗೆ ಎಣ್ಣೆ, ಕಟಕ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ, ಇವೆಲ್ಲ ವಾರಗಳ ಮೊದಲೇ ಆರಂಭವಾಗುತ್ತವೆ. ಯಾತ್ರೆಯೆಂಬುದು ಹೊರಟ ದಿನ ಶುರುವಾಗುವುದಲ್ಲ. ಸಿದ್ಧತೆಗೆ ತೊಡಗಿದ ದಿನವೇ ಶುರುವಾಗುತ್ತದೆ.

ಆ ಮಾತನ್ನು ನಂಬಿ, ನೆರೆಹೊರೆಯ ಆರು ಜನ ನಾವು ಈಗ ಇನ್ನೊಂದು ದಾರಿಗೆ ಅಣಿಯಾಗುತ್ತಿದ್ದೇವೆ. ಹಿಮಾಚಲ ಪ್ರದೇಶದ ಕುಲ್ಲು ಸೀಮೆಯಿಂದ ಲಾಹೌಲಿಗೆ ದಾಟುವ ಹಂಪ್ತಾ ಕಣಿವೆ ನಮ್ಮ ಗುರಿ. ಅದರ ಎತ್ತರ ಸುಮಾರು 4,270 ಮೀಟರ್. ನಮ್ಮಲ್ಲಿ ಕಿರಿಯವನಿಗೆ 22 ವರ್ಷ, ಹಿರಿಯರಿಗೆ 58.

ಜೊಯಿಡಾದವರಿಗೆ ಘಟ್ಟವೆಂದರೆ ಇಳಿಯುವ ದಾರಿ. ಅಣಶಿಯ ತಿರುವುಗಳನ್ನು ಇಳಿದರೆ ಕಾರವಾರದ ಕಡಲು. ಹಿಮಾಲಯದ ಕಣಿವೆ ಹಾಗಲ್ಲ. ಎರಡು ಶಿಖರಗಳ ನಡುವಿನ ತಗ್ಗಾದ ಜಾಗವೂ ಅಲ್ಲಿ ಮೋಡಗಳಿಗೆ ಮೇಲಾಗಿರಬಲ್ಲದು. ಆದರೆ ಒಂದು ಸಾಮ್ಯವುಂಟು. ನಮ್ಮಲ್ಲಿ ಮಳೆಮೋಡಗಳು ಸಹ್ಯಾದ್ರಿಯಲ್ಲಿಯೇ ಬರಿದಾಗಿ, ಹಳಿಯಾಳ ದಾಟಿ ಧಾರವಾಡದ ಕರಿನೆಲಕ್ಕೆ ಬರುವಷ್ಟರಲ್ಲಿ ಅಡವಿ ಹಿಂದೆ ಸರಿಯುತ್ತದೆ. ಹಂಪ್ತಾದಲ್ಲಿಯೂ ಕುಲ್ಲುವಿನ ಮಗ್ಗುಲು ಹಸುರು, ಲಾಹೌಲಿನ ಮಗ್ಗುಲು ಒಣಗಿದ ಕಲ್ಲುಬೆಟ್ಟ. ನಮ್ಮಲ್ಲಿ ಹಲವು ಹರದಾರಿಗಳಲ್ಲಿ ಆಗುವ ಬದಲಾವಣೆಯನ್ನು ಅಲ್ಲಿ ಒಂದೇ ದಿನದ ನಡಿಗೆಯಲ್ಲಿ ಕಾಣಬಹುದು.

ಮನೆಯ ಹಿರಿಯರು ಸಹಜವಾಗಿಯೇ ಕೇಳಿದರು: ಕನ್ನಡ ನಾಡಿನ ಜಂಗಮರೇ ರಾವಲರಾಗಿ ಬಂದಿರುವ ಕೇದಾರವಿರುವಾಗ ಈ ಕಲ್ಲುದಾರಿ ಏಕೆ? ಕೇದಾರಕ್ಕೂ ಹೋಗುವ ಹಂಬಲ ನಮಗಿದೆ. ಆದರೆ ಈ ಸಿದ್ಧತೆಯಲ್ಲಿ ಕಲಿತ ಸಂಗತಿಯೊಂದು ಕೇದಾರಯಾತ್ರಿಗಳಿಗೂ ಬೇಕಾದದ್ದು. ಕೇದಾರನಾಥವೂ ಸುಮಾರು 3,580 ಮೀಟರ್ ಎತ್ತರದಲ್ಲಿದೆ. ಹೆಲಿಕಾಪ್ಟರಿನಲ್ಲಿ ಕೆಲವೇ ನಿಮಿಷಗಳಲ್ಲಿ ಏರಿದ ವೃದ್ಧರ ದೇಹಕ್ಕೆ ಆ ತೆಳುಗಾಳಿಗೆ ಒಗ್ಗಿಕೊಳ್ಳಲು ಅವಕಾಶವೇ ಸಿಗುವುದಿಲ್ಲ.

ಹಂಪ್ತಾದ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಪ್ರಾಣವಾಯು ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಐದರಲ್ಲಿ ಮೂರು ಪಾಲು ಮಾತ್ರ. ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ರೆ ಬಾರದಿರುವುದು ಮೊದಲ ಲಕ್ಷಣಗಳು. ಕುಳಿತಲ್ಲಿಯೇ ಏದುಸಿರು ಬಂದರೆ, ನಡಿಗೆ ತಡವರಿಸಿದರೆ, ಮಾತು ತೊದಲಿದರೆ ಪ್ರಾಣಕ್ಕೇ ಅಪಾಯ. ಆಗ ತಡಮಾಡದೆ ಕೆಳಗಿಳಿಸುವುದೇ ಮುಖ್ಯ ಚಿಕಿತ್ಸೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು ವೈದ್ಯರ ನಿಯಮ.

ಇದು ಪುಸ್ತಕದ ಭಯವಲ್ಲ. 2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲದ ದಾರಿಯಲ್ಲಿ ಕರ್ನಾಟಕದಿಂದ ಹೋಗಿದ್ದ ಚಾರಣಿಗರ ತಂಡವು ಹಿಮಗಾಳಿಗೆ ಸಿಲುಕಿ 9 ಮಂದಿ ಅಸುನೀಗಿದರು. ಅವರಲ್ಲಿ ಹಲವರು ಬೆಟ್ಟದ ಅನುಭವವುಳ್ಳವರೇ. ಆ ಸುದ್ದಿಯನ್ನು ಮನೆಯವರೆಲ್ಲರೂ ನೆನೆಯುತ್ತಾರೆ, ನಾವೂ ಮರೆತಿಲ್ಲ.

ಆದ್ದರಿಂದ ಸಿದ್ಧತೆಯನ್ನು ಮೂರು ತಿಂಗಳಿಗೆ ಹಂಚಿಕೊಂಡಿದ್ದೇವೆ. ಪ್ರತಿ ರವಿವಾರ ಬೆನ್ನಿಗೆ ಭಾರ ಹೊತ್ತು, ಜೊಯಿಡಾದಿಂದ ಕುಂಬಾರವಾಡದ ಮೇಲೆ ಉಳವಿಗೆ ಹೋಗುವ ರಸ್ತೆಯಲ್ಲಿ ನಡೆಯುತ್ತೇವೆ. ಸುತ್ತಲಿನದು ಕಾಳಿ ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ರಸ್ತೆ ಬಿಟ್ಟು ಅಡವಿಗೆ ಇಳಿಯುವುದಿಲ್ಲ, ಕತ್ತಲಾಗುವ ಮೊದಲೇ ಮರಳುತ್ತೇವೆ. ಇಲ್ಲಿಯ ಮಳೆ, ಇಂಬಳಗಳ ಕಾಟ ಸಹನೆ ಕಲಿಸುತ್ತವೆ. ಕಾಲಿಗೆ ಬಲ ಬರುತ್ತದೆ. ಆದರೆ ತೆಳುಗಾಳಿಯ ಅಭ್ಯಾಸವನ್ನು ಸಹ್ಯಾದ್ರಿ ಕಲಿಸಲಾರದು. ಅದಕ್ಕೆ ದಿನಗಳನ್ನೇ ವ್ಯಯಿಸಬೇಕು.

ಮಳೆಗಾಲದ ಅಬ್ಬರ ತಗ್ಗುವ ಸೆಪ್ಟೆಂಬರನ್ನು ಆರಿಸಿಕೊಂಡಿದ್ದೇವೆ. ಲೋಂಡಾದಲ್ಲಿ ಗೋವಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿ, ಅಲ್ಲಿಂದ ಬಸ್ಸಿನಲ್ಲಿ ಮನಾಲಿ. ಸುಮಾರು 2,050 ಮೀಟರ್ ಎತ್ತರದ ಮನಾಲಿಯಲ್ಲಿ ಎರಡು ರಾತ್ರಿ ವಿಶ್ರಾಂತಿ. ಬಳಿಕ ಜೋಬ್ರಾದಿಂದ ನಡಿಗೆ. ಚಿಕಾ, ಬಾಲು ಕಾ ಘೇರಾ ಎಂಬಲ್ಲಿ ಬಿಡಾರ. ಕಣಿವೆ ದಾಟುವ ಮುನ್ನ ಒಂದು ದಿನವನ್ನು ಬರಿದೇ ಇಟ್ಟಿದ್ದೇವೆ. ಹವೆ ಕೆಟ್ಟರೆ ಅದು ಕಾಯುವ ದಿನ, ಹವೆ ನೆಟ್ಟಗಿದ್ದರೆ ದೇಹ ಒಗ್ಗುವ ದಿನ. ದಾಟಿದ ಮೇಲೆ ಶಿಯಾಗೋರು, ಛತ್ರು. ಅಲ್ಲಿಂದ ವಾಹನದಲ್ಲಿ, 2020ರಲ್ಲಿ ತೆರೆದ ಅಟಲ್ ಸುರಂಗದ ಮೂಲಕ ಮನಾಲಿಗೆ. ಬುತ್ತಿಗೆ ನಮ್ಮ ಕಟಕ ರೊಟ್ಟಿ, ಹಿಂಡಿಗಳೇ. ಬೆಳಗಿನ ಇಷ್ಟಲಿಂಗಪೂಜೆಗೆ ಹಿಂದಿನ ರಾತ್ರಿಯೇ ನೀರನ್ನು ಥರ್ಮಾಸಿನಲ್ಲಿ ತುಂಬಿಡಬೇಕು. ಹೊರೆ ಹೊರುವವರ ಕಾಯಕಕ್ಕೆ ತಕ್ಕ ಕೂಲಿಯನ್ನೂ, ಅವರ ಬೆಚ್ಚನೆಯ ಉಡುಪನ್ನೂ ನಮ್ಮ ಖರ್ಚಿನಲ್ಲಿಯೇ ಎಣಿಸಿದ್ದೇವೆ.

ಎಲ್ಲಕ್ಕೂ ಕಠಿಣವಾಗಿದ್ದ ನಿರ್ಧಾರ ಬೇರೆ. ನಮ್ಮಲ್ಲಿ ಹಿರಿಯರಿಗೆ ರಕ್ತದ ಒತ್ತಡವಿದೆ. ವೈದ್ಯರು ಪರೀಕ್ಷಿಸಿ ಷರತ್ತಿನ ಮೇಲೆ ಒಪ್ಪಿದ್ದಾರೆ. ಅವರನ್ನು ಬಿಟ್ಟು ಹೋಗೋಣವೆಂದು ಕೆಲವರು, ಕರೆದೊಯ್ಯಲೇಬೇಕೆಂದು ಕೆಲವರು ವಾದಿಸಿದರು. ಕೊನೆಗೆ ಮೂರು ಮಾತುಗಳನ್ನು ಕಾಗದದ ಮೇಲೆ ಬರೆದು ಆರೂ ಜನ ರುಜು ಹಾಕಿದೆವು: ನಡಿಗೆಯ ವೇಗ ಎಲ್ಲರಿಗಿಂತ ನಿಧಾನವಾಗಿ ನಡೆಯುವವರದು; ಹಿಂದಿರುಗಬೇಕಾದವರು ಒಂಟಿಯಾಗಿ ಹಿಂದಿರುಗಕೂಡದು; ಹವೆಯ ವಿಷಯದಲ್ಲಿ ಸ್ಥಳೀಯ ಮಾರ್ಗದರ್ಶಿಯ ಮಾತೇ ಅಂತಿಮ, ನೂರು ಹೆಜ್ಜೆ ಉಳಿದಿದ್ದರೂ ಸರಿ. ಇದನ್ನು ಓದಿದ ಮೇಲೆಯೇ ಆ ಹಿರಿಯರ ಮನೆಯವರು ಒಪ್ಪಿಗೆಯಿತ್ತರು.

ಉಳವಿಗೆ ಬಂದ ಶರಣರ ಸಮೂಹದಲ್ಲಿ ಮುದುಕರಿದ್ದರು, ಮಕ್ಕಳಿದ್ದರು, ಹೆಣ್ಣುಮಕ್ಕಳಿದ್ದರು. ಬಲವುಳ್ಳವರಷ್ಟೇ ಮುಂದೆ ಸಾಗಿದ್ದರೆ ಅದು ಸಮೂಹವೆನಿಸುತ್ತಿರಲಿಲ್ಲ. ಹಂಪ್ತಾವನ್ನು ದಾಟಿದರೆ ಸಂತೋಷ; ದಾಟದೆ ಆರೂ ಜನ ಮನೆಗೆ ಮರಳಿದರೂ ಯಾತ್ರೆ ಸಾರ್ಥಕ. ಹಿಮಾಲಯಕ್ಕೆ ಹೊರಡುವ ಬಂಧುಗಳು, ಕೇದಾರಕ್ಕಾಗಲಿ ಕಣಿವೆಗಾಗಲಿ, ಟಿಕೆಟ್ಟು ಕೊಳ್ಳುವ ಮೊದಲು ಮನೆಮಂದಿಯೆಲ್ಲ ಕುಳಿತು ಇಂಥದೊಂದು ಕಾಗದ ಬರೆದುಕೊಳ್ಳಲಿ ಎಂಬುದೇ ನಮ್ಮ ವಿನಂತಿ.