ಉಪಾಸ ಮಾಡಿದ್ರ ವ್ಯಾಯಾಮ ಬ್ಯಾಡೇನು?

ರಾತ್ರಿ 7ಕ್ಕ ಊಟ ಮುಗಿಸಿ, ಮರದಿನ 11ರ ತನಕಾ ಬರೇ ನೀರು, ಸಕ್ಕರಿ ಇಲ್ಲದ ಕರಿ ಚಹಾ. ಮೂರು ತಿಂಗಳಿಗೆ 4 ಕಿಲೋ ಇಳದೆ. (ಏಕಾದಶಿ ಸಾಬೂದಾಣಿ ತಿಂದು ಏರಿಸಿಕೊಂಡಿದ್ದಽ ಅಷ್ಟಿರಬೇಕು!) ಮಗಳು "ವ್ಯಾಯಾಮಾನೂ ಮಾಡವ್ವಾ" ಅಂದ್ರ ನಂದೊಂದು ಲೆಕ್ಕ: ಅರ್ಧ ತಾಸು ನಡದ್ರ ಕರಗೂದು ಸುಮಾರು ಒಂದು ರೊಟ್ಟಿ. ಆ ರೊಟ್ಟಿ ಬಿಟ್ರಾತಲ್ಲ?

ಲೆಕ್ಕೇನೋ ಖರೇ. ಆದ್ರ ಒಂದಿನ ಅಂಗಳದಾಗ ರಂಗೋಲಿ ಹಾಕಿದಾಕಿ ಏಳಲಿಕ್ಕೇ ಆಗಲಿಲ್ಲ. ಗ್ವಾಡಿ ಹಿಡಕೊಂಡು ಎದ್ದೆ. ಕೊಬ್ಬಿನ ಜೋಡಿ ಸ್ನಾಯೂನೂ ಕರಗ್ಯಾವ, ಈ ವಯಸ್ಸಿನಾಗ ಅವು ತಿರುಗಿ ಬರೂದು ಕಷ್ಟ ಅಂದ್ರು ಡಾಕ್ಟರು. ಈಗ ದಿನಾ ಕುರ್ಚಿ ಮ್ಯಾಲೆ 10 ಸಲ ಕೂತು ಏಳ್ತೇನಿ, ಊಟಕ್ಕ ಹೆಸರುಕಾಳಿನ ಪಲ್ಯ ಹೆಚ್ಚಿಗಿ ಹಾಕ್ಕೋತೇನಿ. ತೂಕ ತಿಂಗಳಿಂದ ಅಷ್ಟಽ ಅದ. ಗ್ವಾಡಿ ಮಾತ್ರ ಹಿಡಿಯೂದು ಬಿಟ್ಟೇನಿ.